ಇತ್ತ ಕಡೆ ಎಲ್ಲರೂ ಕ್ಷೇಮ, ರಾಷ್ಟ್ರಪತಿಗಳೇ

ಬೆಳಗಾವಿ ಪಕ್ಕದ ನಮ್ಮೂರು ಹಿಂಡಲಗಾದಿಂದ ಖಾನಾಪುರಕ್ಕೆ ಕಾರ್ಡು ಬರೆದರೂ ಐದು ನಯಾಪೈಸೆ, ದಿಲ್ಲಿಯ ರಾಷ್ಟ್ರಪತಿ ಭವನಕ್ಕೆ ಬರೆದರೂ ಐದು ನಯಾಪೈಸೆ. 1963ರ ಮಾತು. ಖಾನಾಪುರದ ದೊಡ್ಡವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಯಾರನ್ನಾದರೂ ಕಾಡಿ ಬೇಡಿ ಆಕೆ ಉತ್ತರ ಬರೆಸುವ ಹೊತ್ತಿಗೆ ಹಬ್ಬ ಮುಗಿದೇ ಹೋಗಿರುತ್ತಿತ್ತು. ಅದೇ ಐದು ಪೈಸೆಗೆ ರಾಷ್ಟ್ರಪತಿಗೇ ಬರೆದರೆ ಉತ್ತರ ಬೇಗ ಬಂದೀತು, ಅವರ ಕೈಕೆಳಗೆ ಬರೆಯುವವರು ಬೇಕಾದಷ್ಟು ಜನ ಇರುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಆಗ ನನಗೆ ಒಂಬತ್ತು ವರ್ಷ. ಲೆಕ್ಕದಲ್ಲಿ ಮೊದಲಿನಿಂದಲೂ ಹುಷಾರು.

ಮನೆಗೆ ಬಂದ ಟಪಾಲನ್ನು ಆಗ ಯಾರೂ ಎಸೆಯುತ್ತಿರಲಿಲ್ಲ. ತುದಿ ಬಗ್ಗಿಸಿದ ಒಂದು ತಂತಿಗೆ ಚುಚ್ಚಿ ಪಡಸಾಲೆಯ ತೊಲೆಗೆ ತೂಗುಹಾಕುತ್ತಿದ್ದರು. ಮದುವೆಯ ಕಾಗದಕ್ಕೆ ನಾಲ್ಕು ಮೂಲೆಗೂ ಅರಿಷಿಣ. ಸಾವಿನ ಕಾರ್ಡನ್ನು ಮಾತ್ರ ಹೊಸ್ತಿಲು ದಾಟಿಸದೆ, ಅಂಗಳದಲ್ಲೇ ಓದಿ ಅಲ್ಲೇ ಹರಿದು, ಕೈಕಾಲು ತೊಳೆದು ಒಳಗೆ ಬರುತ್ತಿದ್ದರು. ಬರೆಯಲು ಕೂರುವುದೂ ಒಂದು ಕೆಲಸವೇ. ಶಾಯಿಯ ಗುಳಿಗೆ ನೀರಿನಲ್ಲಿ ಕರಗಿಸಿ ದೌತಿಗೆ ತುಂಬಬೇಕು, ಟಾಕಿನ ತುದಿಯನ್ನು ಉಗುರಿನ ಮೇಲೆ ಗೀಚಿ ನೋಡಬೇಕು, ಕಂದೀಲಿನ ಬುರುಡೆಯ ಮಸಿ ಒರೆಸಬೇಕು. ಆ ಶಾಯಿಗೆ ಒಂದು ಹುಳಿ ವಾಸನೆ ಇತ್ತು. ಬೆರಳಿಗೆ ಹತ್ತಿದ್ದು ಊಟದ ಗಂಗಾಳದವರೆಗೂ ಬರುತ್ತಿತ್ತು.

ರಾಷ್ಟ್ರಪತಿಗೆ ಬರೆಯುವ ಹುಚ್ಚು ಹಿಡಿಸಿದವರು ಕನ್ನಡ ಶಾಲೆಯ ನಮ್ಮ ಮಾಸ್ತರರು. ಅವರು ಒಂದು ದಿನ ಆನೆಯ ಕಥೆ ಹೇಳಿದರು. ಯುದ್ಧದ ಕಾಲದಲ್ಲಿ, 1943ರಲ್ಲಿ, ಟೋಕಿಯೊದ ಉಯೆನೊ ಮೃಗಾಲಯದ ಪ್ರಾಣಿಗಳನ್ನು ಸರಕಾರದವರೇ ಕೊಲ್ಲಿಸಿದ್ದರು. ಬಾಂಬು ಬಿದ್ದು ಬೋನು ಒಡೆದರೆ ಅವು ಊರೊಳಗೆ ನುಗ್ಗಿಯಾವೆಂಬ ಹೆದರಿಕೆ. ಮೂರು ಆನೆಗಳಂತೂ ಉಪವಾಸದಿಂದಲೇ ಸತ್ತವು. ಯುದ್ಧ ಮುಗಿದ ಮೇಲೆ ಆನೆಯನ್ನೇ ನೋಡದೆ ಬೆಳೆದ ಅಲ್ಲಿನ ಮಕ್ಕಳು ನಮ್ಮ ನೆಹರೂಗೆ ನೂರಾರು ಕಾಗದ ಬರೆದವು, ನಮಗೊಂದು ಆನೆ ಕೊಡಿ ಅಂತ. ನೆಹರೂ ಕೊಟ್ಟೇಬಿಟ್ಟರು. 1949ರಲ್ಲಿ ಆನೆ ಹಡಗು ಹತ್ತಿತು, ಜೊತೆಗೆ ಜಪಾನಿನ ಮಕ್ಕಳಿಗೆ ನೆಹರೂ ಬರೆದ ಪತ್ರ. ಈ ಕಾಣಿಕೆ ನನ್ನದಲ್ಲ, ಭಾರತದ ಮಕ್ಕಳು ನಿಮಗೆ ಕೊಟ್ಟದ್ದು ಎಂಬುದು ಅದರ ಸಾರ. ಆನೆಗೆ ಇಟ್ಟ ಹೆಸರು ಇಂದಿರಾ, ಅವರ ಮಗಳದೇ ಹೆಸರು.

ಮಾಸ್ತರರಿಗೆ ಹೆಮ್ಮೆಯ ಸಂಗತಿ ಬೇರೆಯೇ ಇತ್ತು. ಆನೆ ಮೈಸೂರು ಕಡೆಯದು, ಅದಕ್ಕೆ ಕನ್ನಡ ಬಿಟ್ಟರೆ ಬೇರೆ ಮಾತು ತಿಳಿಯುತ್ತಿರಲಿಲ್ಲ. ಜೊತೆಗೆ ಹೋದ ಮಾವುತರು ಅಲ್ಲೇ ನಿಂತು ಜಪಾನಿನ ಕಾವಲುಗಾರರಿಗೆ ಆನೆಯ ಕನ್ನಡ ಕಲಿಸಿ ಬರಬೇಕಾಯಿತು. “ಜಪಾನಿನವರು ಕನ್ನಡ ಕಲತರಲೇ, ನಿಮಗ ಒತ್ತಕ್ಷರ ಬರೂದಿಲ್ಲ” ಎಂದು ಮಾಸ್ತರರು ನಮ್ಮ ಕಿವಿ ಹಿಂಡಿದರು. ಕ್ಲಾಸಿನಲ್ಲಿ ಅರ್ಧ ಹುಡುಗರ ಮನೆಮಾತು ಮರಾಠಿ. ಅವರ ಕಿವಿಯನ್ನು ಸ್ವಲ್ಪ ಸಡಿಲವಾಗಿ ಹಿಂಡಿದರೆಂದು ನನಗೆ ಈಗಲೂ ಅನುಮಾನ.

ಹಾಗಾದರೆ ನಾನೂ ಬರೆಯಬಹುದಲ್ಲ ಅನ್ನಿಸಿತು. ಯಾರಿಗೆ ಬರೆಯಬೇಕು ಅನ್ನುವುದೇ ತಕರಾರು. ನೆಹರೂ ದೊಡ್ಡವರೋ ರಾಷ್ಟ್ರಪತಿ ದೊಡ್ಡವರೋ ಎಂದು ಓಣಿಯ ಕಟ್ಟೆಯ ಮೇಲೆ ವಾದ ನಡೆದು, ಕೊಡುವ ಕೈ ನೆಹರೂದು, ಕೊಡಿಸುವ ಕೈ ರಾಷ್ಟ್ರಪತಿಯದು ಎಂದು ತೀರ್ಮಾನವಾಯಿತು. ಇಂಥ ತೀರ್ಮಾನಕ್ಕೆ ಸಂವಿಧಾನದಲ್ಲಿ ಆಧಾರವಿಲ್ಲ, ಹಿಂಡಲಗಾದ ಕಟ್ಟೆಯಲ್ಲಿತ್ತು. ಮೇಲಾಗಿ ಆಗ ರಾಷ್ಟ್ರಪತಿಯಾಗಿದ್ದವರು ರಾಧಾಕೃಷ್ಣನ್. ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಅಲ್ಲಿಂದ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ಸ್ಟೇಶನ್ನಿಗೆ ಮುಟ್ಟಿಸಿದ್ದರು. ಮೈಸೂರಿನಲ್ಲಿ ಮೂರು ವರ್ಷ ಇದ್ದವರಿಗೆ, ಆನೆಗೆ ಬಂದಷ್ಟಾದರೂ ಕನ್ನಡ ಬಾರದೆ ಇದ್ದೀತೇ?

ಅಪ್ಪ ಒಕ್ಕಣೆ ಹೇಳಿದ, ನಾನು ಬರೆದೆ. “ತೀರ್ಥರೂಪ ಸಮಾನರಾದ ರಾಷ್ಟ್ರಪತಿಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ಕಡೆ ಎಲ್ಲರೂ ಕ್ಷೇಮ. ತಮ್ಮ ಕಡೆಯ ಕ್ಷೇಮ ಸಮಾಚಾರಕ್ಕೆ ಬರೆಯಿಸುವುದು. ಮಳೆ ಈ ಸಲ ಜಾಸ್ತಿ. ಎಮ್ಮೆ ಈದಿದೆ.” ಇಷ್ಟಕ್ಕೇ ಕಾರ್ಡಿನ ಮುಕ್ಕಾಲು ಪಾಲು ತುಂಬಿತು. ಉಳಿದ ಜಾಗದಲ್ಲಿ, ಅಪ್ಪ ಎಮ್ಮೆಗೆ ಹಿಂಡಿ ಇಡಲು ಎದ್ದುಹೋದ ಹೊತ್ತು ನೋಡಿ, ನನ್ನ ಬೇಡಿಕೆ ಸೇರಿಸಿದೆ: ಜಪಾನಿನ ಮಕ್ಕಳಿಗೆ ಆನೆ ಕೊಟ್ಟಿದ್ದೀರಿ, ಸಂತೋಷ. ನನಗೆ ಆನೆ ಬೇಡ, ಕಟ್ಟಲು ಜಾಗವಿಲ್ಲ. ಒಂದು ಸೈಕಲ್ ಸಾಕು. ಹೊಸ ಸೈಕಲ್ಲಿಗೆ ಆಗ ಇನ್ನೂರು ರೂಪಾಯಿಯ ಹತ್ತಿರ ಇತ್ತು. ಅಪ್ಪನ ತಿಂಗಳ ಪಗಾರ ಅದಕ್ಕಿಂತ ಕಡಿಮೆ. ಆನೆಗೆ ಹೋಲಿಸಿದರೆ ಸರಕಾರಕ್ಕೆ ಇದು ಭಾರೀ ಉಳಿತಾಯವೇ ಎಂದು ನಂಬಿದ್ದೆ.

ಉತ್ತರ ಬಂತು, ನಂಬುತ್ತೀರೋ ಇಲ್ಲವೋ. ದಸರೆಯ ಶಿಲಂಗಣ ಮುಗಿದು ಬನ್ನಿ ಹಂಚಿದ ಮೇಲೆ ಪೋಸ್ಟಿನವರು ಸೈಕಲ್ಲಿನ ಗಂಟೆ ಬಾರಿಸಿಕೊಂಡು ಬಂದರು. ದಪ್ಪ ಕಾಗದ, ಮೇಲೆ ಮೂರು ಸಿಂಹ, ಒಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಸಾಲು. ಓದಲು ಮನೆಯಲ್ಲಿ ಯಾರಿಗೂ ಬರದು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕ್ಯಾಂಪಿನಲ್ಲಿ ಲೆಕ್ಕ ಬರೆಯುತ್ತಿದ್ದ ನೆರೆಮನೆಯ ಕಾಕಾ ಸಂಜೆ ಬರುವವರೆಗೂ ಓಣಿಯೇ ಕಾದು ಕೂತಿತು. ಕಾಕಾ ಚಾಳೀಸು ಏರಿಸಿ, ಗಂಟಲು ಸರಿಮಾಡಿಕೊಂಡು, ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿದರು: “ನಿಮ್ಮ ಪತ್ರ ಮುಟ್ಟೇತಿ ಅಂತ ಬರದಾರ.” ಅವ್ವ ಕೇಳಿದಳು, “ಮುಂದ?” ಮುಂದೆ ಏನೂ ಇರಲಿಲ್ಲ. ಆದರೂ ಅವ್ವ ಅದಕ್ಕೆ ಕುಂಕುಮ ಹಚ್ಚಿ ದೇವರ ಮಾಡದಲ್ಲಿಟ್ಟಳು. ಸಿಂಹದ ಚಿತ್ರ ಇದ್ದದ್ದರಿಂದ ದೇವಿಯ ಕಾಗದವೆಂದೇ ಕೆಲವರು ಕೈಮುಗಿದರು. ನನಗೆ ಮಾತ್ರ ಸೈಕಲ್ ಹಿಂದಿನಿಂದ ಬೇರೆ ಗಾಡಿಗೆ ಬರುತ್ತಿರಬೇಕು ಎಂಬ ಭರವಸೆ ಬೇಸಿಗೆಯ ಸೂಟಿಯವರೆಗೂ ಇತ್ತು. ಕಾಗದವನ್ನು ಮುಂದೆ ಗೆದ್ದಲು ತಿಂದವು.

ಸಿಂಹದ ಮುದ್ರೆಯ ಕಾಗದಕ್ಕೆ ನಿಜವಾಗಿ ದಾರಿ ಕಾಯುತ್ತಿದ್ದವರು ನಮ್ಮೂರಿನಲ್ಲಿ ಬೇರೆಯೇ ಇದ್ದರು. ಹೊರಗಿನವರಿಗೆ ಹಿಂಡಲಗಾ ಎಂದರೆ ಒಂದೋ ಗಣಪತಿ ಗುಡಿ, ಇಲ್ಲವೇ ಜೈಲು. ಜೈಲು 1923ರದು. ನನಗಿಂತ ಅಪ್ಪನಿಗೇ ಅದು ಓರಗೆಯದು. ಅಲ್ಲಿ ಗಲ್ಲಿನ ಮರವಿದೆ, ಶಿಕ್ಷೆಯಾದವರನ್ನು ಬೇರೆ ಜಿಲ್ಲೆಗಳಿಂದಲೂ ಇಲ್ಲಿಗೇ ತರುತ್ತಾರೆ. ಕೋರ್ಟುಗಳೆಲ್ಲ ಮುಗಿದ ಮೇಲೆ ಅವರಿಗೆ ಕೊನೆಗೆ ಉಳಿಯುವುದು ಸಂವಿಧಾನದ 72ನೆಯ ಕಲಮಿನ ಪ್ರಕಾರ ರಾಷ್ಟ್ರಪತಿಗೆ ಕ್ಷಮೆಯ ಅರ್ಜಿ. ನಮ್ಮ ಓಣಿಯಲ್ಲೊಬ್ಬರು ವಾರ್ಡರ್ ಇದ್ದರು. ಜೈಲಿನಿಂದಲೂ ದಿಲ್ಲಿಗೆ ಅರ್ಜಿ ಹೋಗುತ್ತದೆಂದು ಅವರು ಅಪ್ಪನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. “ಅವರೂ ಸೈಕಲ್ ಕೇಳ್ಯಾರೇನ್ರಿ?” ಅಂದೆ. ವಾರ್ಡರರು ನಗಲಿಲ್ಲ, ತಲೆಗೊಂದು ಮೊಟಕಿ, ಅಪ್ಪನ ಅಡಿಕೆ ಚೀಲಕ್ಕೆ ಕೈಹಾಕಿದರು.

ಆ ಜೈಲಿನಲ್ಲಿ ಕೊನೆಯ ಗಲ್ಲು ಆದದ್ದು 1983ರಲ್ಲಿ. ಟೋಕಿಯೊದಲ್ಲಿ ಇಂದಿರಾ ಆನೆ ಸತ್ತದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧವಿಲ್ಲ, ನನ್ನ ತಲೆಯಲ್ಲಿ ಮಾತ್ರ ಎರಡೂ ಒಂದೇ ತಂತಿಗೆ ಚುಚ್ಚಿಕೊಂಡಿವೆ.

ಅದಕ್ಕೂ ಮೊದಲೇ ನಾನು ಸೊಸಾಯಿಟಿಯೊಂದರಲ್ಲಿ ಕಾರಕೂನನಾದೆ, ಸೈಕಲ್ಲನ್ನು ನನ್ನ ಪಗಾರದಲ್ಲೇ ಕೊಂಡೆ. ಕಾರ್ಡಿನ ಬೆಲೆ ಹತ್ತು ಪೈಸೆಯಾಗಿತ್ತು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜತ್ತಿಯವರೆಂದರೆ ಜಮಖಂಡಿ ತಾಲ್ಲೂಕಿನ ಸಾವಳಗಿಯವರು. ಜಮಖಂಡಿ ಸಂಸ್ಥಾನದಲ್ಲಿ ದಿವಾನರಾಗಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ದಿಲ್ಲಿ ಮುಟ್ಟಿದವರು. 1952ರಲ್ಲಿ ಮುಂಬಯಿ ಸರಕಾರದಲ್ಲಿ ಮೊರಾರ್ಜಿ ದೇಸಾಯಿಯವರ ಕೈಕೆಳಗೆ ಉಪಮಂತ್ರಿ. 1977ರ ಮಾರ್ಚಿನಲ್ಲಿ ಅದೇ ಮೊರಾರ್ಜಿಗೆ ಪ್ರಧಾನಿಯ ಪ್ರಮಾಣವಚನ ಬೋಧಿಸಿದರು. ಇಂಥ ಚಮತ್ಕಾರ ರಾಜಕೀಯದಲ್ಲಿ ಮಾತ್ರ ಸಾಧ್ಯ. ನಮ್ಮ ಸೊಸಾಯಿಟಿಯಲ್ಲಿ ಹಳೆಯ ಸಾಹೇಬ ಕೊನೆಯವರೆಗೂ ಸಾಹೇಬನೇ.

ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದ ಸುದ್ದಿ ತಿಳಿದದ್ದೇ ಖಾನಾಪುರದ ದೊಡ್ಡವ್ವ ಬಸ್ಸು ಹತ್ತಿ ಬಂದಳು. “ನಮ್ಮ ಕಡೀ ಮನಶ್ಯಾ ಅಷ್ಟ ದೊಡ್ಡ ಮನಿಗಿ ಹೋಗ್ಯಾನ, ಬರಿಗೈಲೆ ಕುಂದರೂದೇನು?” ಆಕೆಯ ಮಟ್ಟಿಗೆ ಇದು ಗೃಹಪ್ರವೇಶ. ಮುಯ್ಯ ಹೋಗಲೇಬೇಕು. ಬಗಲಲ್ಲಿ ಖಾನಾಪುರದ ಕುಂಬಾರರ ಒಂದು ತತ್ರಾಣಿ. ಖಾನಾಪುರದ ಮಣ್ಣಿಗೆ ಆಗ ಬೇಡಿಕೆ ಎಷ್ಟಿತ್ತೆಂದರೆ ಹಂಚು, ಹರವಿ, ತತ್ರಾಣಿ ಎಲ್ಲವೂ ಅಲ್ಲಿಯವೇ ಬೇಕು. ದಿಲ್ಲಿಯ ಬೇಸಿಗೆ ಬೆಂಕಿಯಂತೆ, ತಣ್ಣಗಿನ ನೀರು ಕುಡಿಯಲಿ ಎಂಬುದು ದೊಡ್ಡವ್ವನ ವಿಚಾರ. ತತ್ರಾಣಿ ಹೊಸದು, ನೀರು ಹಾಕಿದರೆ ಮೊದಲ ಮಳೆ ಬಿದ್ದ ನೆಲದ ವಾಸನೆ ಬರುತ್ತಿತ್ತು. ಅದನ್ನು ದಿಲ್ಲಿಗೆ ಕಳಿಸುವುದಾದರೆ ಸೊಂಡಿಲು ಮೊದಲು ಹೋಗುತ್ತದೆ, ಹೊಟ್ಟೆ ಆಮೇಲೆ ಹೋಗುತ್ತದೆ ಎಂದು ಅಪ್ಪ ಹೇಳಿದ ಮೇಲೆ ಅದು ನಮ್ಮ ಮನೆಯಲ್ಲೇ ಉಳಿಯಿತು.

ನಂತರ ಕುಂದಾದ ಮಾತು ಬಂತು. ಬೆಳಗಾವಿಯವರು ಯಾರ ಮನೆಗೆ ಹೋದರೂ ಕುಂದಾ ಒಯ್ಯುವವರೇ. ಹಾಲು ಕಾಸಿ ಕಾಸಿ ಕಂದುಬಣ್ಣಕ್ಕೆ ತಿರುಗಿ, ಕಾಳುಕಾಳಾಗಿ, ಇನ್ನೇನು ಹೊತ್ತುತ್ತದೆ ಅನ್ನುವಾಗ ಇಳಿಸಬೇಕು. ಆ ಸುಟ್ಟೂ ಸುಡದ ವಾಸನೆಯೇ ಅದರ ಜೀವ. ಪೇಟೆಯಿಂದ ಅರ್ಧ ಕಿಲೋ ತಂದೆ, ಏಳೆಂಟು ರೂಪಾಯಿ ಕೊಟ್ಟ ನೆನಪು. ಡಬ್ಬಿಯಲ್ಲಿ ತುಂಬಿ, ಮಾದರಪಾಟಿನ ಅರಿವೆ ಸುತ್ತಿ, ಅವ್ವ ದಬ್ಬಣದಿಂದ ಹೊಲಿದಳು. ನಾನು ಅರಗು ಕರಗಿಸಿ ಹೊಲಿಗೆಯ ಮೇಲೆ ಮುದ್ರೆ ಒತ್ತಿದೆ. ಮುದ್ರೆಗೆ ಮನೆಯಲ್ಲಿದ್ದದ್ದು ಹಳೆಯ ಒಂದಾಣೆ ಬಿಲ್ಲೆ. ಬೆಳಗಾಗುವಷ್ಟರಲ್ಲಿ ಅರಿವೆಯ ತುಂಬ ತುಪ್ಪದ ನಕಾಶೆ, ಇರುವೆಗಳ ಸಾಲು ತೊಲೆಯಿಂದಲೇ ಇಳಿದು ಬಂದಿತ್ತು. ಅಪ್ಪ ಕಾಲಮೇಲೆ ಕಾಲು ಹಾಕಿ ಕೂತು, “ರಾಷ್ಟ್ರಪತಿಗೆ ಮುಟ್ಟೂದರಾಗ ಇರುವಿನ ಮುಟ್ಟತಾವ” ಅಂದ. ಹೊಲಿಗೆ ಬಿಚ್ಚಿ ಎಲ್ಲರೂ ತಿಂದೆವು. ಒಂದು ಮಾತು ಹೇಳಬೇಕು, ರಾಷ್ಟ್ರಪತಿಗೆಂದು ತಂದ ಕುಂದಾಕ್ಕೆ ರುಚಿ ಸ್ವಲ್ಪ ಜಾಸ್ತಿಯೇ ಇತ್ತು.

ಕೊನೆಗೆ ಹೋದದ್ದು ಅಕ್ಕಿ. ಆಗ ಈ ಭಾಗದ ಗದ್ದೆಗಳಲ್ಲಿ ಬೆಳಗಾವಿ ಬಾಸಮತಿ ಬೆಳೆಯುತ್ತಿದ್ದರು. ಉತ್ತರದ ಬಾಸಮತಿಯ ಹಾಗೆ ಉದ್ದನೆಯ ಕಾಳಲ್ಲ, ಆದರೆ ಒಂದು ಮನೆಯಲ್ಲಿ ಕುದಿಯಲು ಇಟ್ಟರೆ ಮೂರು ಮನೆಯಾಚೆ ಗೊತ್ತಾಗುತ್ತಿತ್ತು. ಎರಡು ಸೇರು ಅಕ್ಕಿಯನ್ನು ದೊಡ್ಡವ್ವ ಮೊರದಲ್ಲಿ ಕೇರಿ, ನುಚ್ಚು ಕಲ್ಲು ಆರಿಸಿ, ಚೀಲಕ್ಕೆ ತುಂಬಿದಳು. ಮೇಲೆ ಜತ್ತಿಯವರ ಮನೆಯವರಿಗೆಂದು ಗುಳೇದಗುಡ್ಡದ ಖಣ, ಒಂದು ಹಿಡಿ ಅರಿಷಿಣ. ನಾನು ಕನ್ನಡದಲ್ಲಿ ಕಾಗದ ಬರೆದೆ. ಈ ಸಲ ಓದುವವರಿಗೆ ಕನ್ನಡ ಖಂಡಿತ ಬರುತ್ತದೆಂಬ ಧೈರ್ಯದಿಂದ ಒತ್ತಕ್ಷರಗಳನ್ನು ಎರಡೆರಡು ಸಲ ನೋಡಿದೆ. ತುರ್ತು ಪರಿಸ್ಥಿತಿ, ಚುನಾವಣೆ, ಬೆಲೆ ಏರಿಕೆ ಬಗ್ಗೆ ನನ್ನ ಅಭಿಪ್ರಾಯಗಳನ್ನೂ ನಾಲ್ಕು ಪುಟ ಬರೆದಿದ್ದೆ. ಇಪ್ಪತ್ಮೂರರ ಕಾರಕೂನನಿಗೆ ದೇಶದ ಸಮಸ್ಯೆಗಳೆಲ್ಲ ಬಗೆಹರಿದಿದ್ದವು, ಒಬ್ಬ ರಾಷ್ಟ್ರಪತಿ ಸಿಗುವುದಷ್ಟೇ ಬಾಕಿ. ದೊಡ್ಡವ್ವ ಆ ಪುಟಗಳನ್ನು ಮುಟ್ಟಿ ನೋಡಿ, “ಅಕ್ಕಿಗಿಂತ ಇದ ಭಾರ ಆತು, ತಗಿ” ಅಂದಳು. ಟಪಾಲಿನ ಹಾಸಲು ತೂಕದ ಮೇಲೆ ಆದ್ದರಿಂದ ತೆಗೆದೆ.

ಉತ್ತರ ಬರಲಿಲ್ಲ. ಜತ್ತಿಯವರಿಗೆ ಆ ದಿನಗಳಲ್ಲಿ ಬೇರೆ ಕಾಗದಗಳ ತಲೆನೋವು ಸಾಕಷ್ಟಿತ್ತು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಆದೇಶಕ್ಕೆ ತಕ್ಷಣ ಸಹಿ ಹಾಕದೆ ಅವರು ಹಿಂದೇಟು ಹಾಕಿದ್ದು ಏಪ್ರಿಲಿನಲ್ಲಿ ದೊಡ್ಡ ಸುದ್ದಿ, ಕಡೆಗೆ ಹಾಕಿದರು. ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದರು, ಜತ್ತಿಯವರು ಉಪರಾಷ್ಟ್ರಪತಿಯ ಕುರ್ಚಿಗೆ ಮರಳಿದರು. ಅಕ್ಕಿ ಮುಟ್ಟಿತೋ ಇಲ್ಲವೋ ಎಂದು ನಾನು ಪೇಚಾಡುತ್ತಿದ್ದರೆ ದೊಡ್ಡವ್ವನಿಗೆ ಅದರ ಗೊಡವೆಯೇ ಇರಲಿಲ್ಲ. “ಮುಯ್ಯ ಮಾಡಿದ್ದಕ್ಕ ಯಾರರ ರಸೀದಿ ಕೇಳತಾರೇನೋ?” ಅಂದಳು.

ಹುದಲಿಯ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದ ಒಬ್ಬ ಹಿರಿಯರು ಈ ಕಥೆ ಕೇಳಿ ನಕ್ಕು ಇನ್ನೊಂದು ಹೇಳಿದ್ದರು. 1947ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್‌ಳ ಮದುವೆಗೆ ಗಾಂಧೀಜಿ ಕಳಿಸಿದ್ದು ತಾವೇ ನೂತ ನೂಲಿನಿಂದ ಹೆಣೆಸಿದ ಒಂದು ಬಟ್ಟೆ. ಅದನ್ನು ಹುಡುಗಿಯ ಅಜ್ಜಿ, ರಾಣಿ ಮೇರಿ, ಗಾಂಧಿಯ ಪಂಚೆಯೆಂದು ತಿಳಿದು ಮುಖ ಸಿಂಡರಿಸಿದ್ದರಂತೆ. ದೊಡ್ಡವ್ವನಿಗೆ ಇದನ್ನು ಹೇಳಿದಾಗ ಆಕೆ ರಾಣಿ ಮೇರಿಯ ಪಕ್ಷವನ್ನೇ ಹಿಡಿದಳು. “ಮದಿವಿಗಿ ಯಾರರ ಬಿಳೀ ಅರಿವಿ ಕಳಸತಾರೇನು? ಒಂದ ಖಣಾರ ಇಡಬಾರದ?”

ನನ್ನ ಮಗನ ಕಾಲಕ್ಕೆ ಕಲಾಂ ಬಂದರು. ಆಗ ಬೆಳಗಾವಿಯಲ್ಲಿ ತಾಸಿಗೆ ಇಪ್ಪತ್ತು ರೂಪಾಯಿಯ ಇಂಟರ್ನೆಟ್ ಅಂಗಡಿಗಳು. ಮಗ ಗೆಳೆಯರ ಜೊತೆ ಅಲ್ಲಿ ಕೂತು ರಾಷ್ಟ್ರಪತಿಗೆ ರಾಕೆಟ್ಟಿನ ಬಗ್ಗೆ ಇಮೇಲ್ ಬರೆದ. ಕ್ಷೇಮ ಸಮಾಚಾರವಿಲ್ಲ, ಮಳೆಯ ಸುದ್ದಿಯಿಲ್ಲ, ನೇರ ಪ್ರಶ್ನೆ. ನಾನು ಆಕ್ಷೇಪಿಸಿದೆ, ಅವನು “ಅಪ್ಪಾ, ಅವರಿಗೆ ಟೈಮ್ ಇರೂದಿಲ್ಲ” ಅಂದ. ಅದೂ ಖರೆ. ಕಲಾಂ 2007ರಲ್ಲಿ ಭವನ ಬಿಡುವಾಗ ಎರಡೇ ಸೂಟ್‌ಕೇಸು ಒಯ್ಯುತ್ತೇನೆ, ಕಾಣಿಕೆಗಳೆಲ್ಲ ಇಲ್ಲೇ ಎಂದದ್ದನ್ನು ಪೇಪರಿನಲ್ಲಿ ಓದಿ, ದೊಡ್ಡವ್ವ ಇದ್ದಿದ್ದರೆ ಬೈಯುತ್ತಿದ್ದಳು ಅನ್ನಿಸಿತು. ಕೊಟ್ಟದ್ದನ್ನು ಬಿಟ್ಟು ಹೋಗುವುದು ಆಕೆಯ ಶಾಸ್ತ್ರದಲ್ಲಿ ಕೂಡದು.

2012ರ ಅಕ್ಟೋಬರ್ 11ರಂದು ಸುವರ್ಣ ವಿಧಾನಸೌಧ ಉದ್ಘಾಟಿಸಲು ಪ್ರಣಬ್ ಮುಖರ್ಜಿ ಬೆಳಗಾವಿಗೇ ಬಂದರು. ರಾಷ್ಟ್ರಪತಿಯೇ ಊರಿಗೆ ಬಂದ ಮೇಲೆ ಟಪಾಲಿನ ಹಂಗೇಕೆ? ಆದರೆ ಪೊಲೀಸರು, ಹಗ್ಗ, ಕಟಕಟೆ. ಕುಂದಾದ ಡಬ್ಬಿ ಹಿಡಿದು ನಿಂತಿದ್ದರೆ ಬಾಂಬು ಪರೀಕ್ಷೆ ಮಾಡುವ ನಾಯಿಯೇ ಅದನ್ನು ತಿಂದೀತು ಎಂದು ಮನೆಯಲ್ಲೇ ಕೂತು ಟೀವಿಯಲ್ಲಿ ನೋಡಿದೆ. ಮರುವರ್ಷ ಫೆಬ್ರವರಿಯಲ್ಲಿ ಅದೇ ಪ್ರಣಬ್ ಮುಖರ್ಜಿ ನಮ್ಮೂರಿನ ಜೈಲಿನಲ್ಲಿದ್ದ ವೀರಪ್ಪನ್‌ನ ನಾಲ್ವರು ಸಹಚರರ ಕ್ಷಮೆಯ ಅರ್ಜಿ ತಿರಸ್ಕರಿಸಿದರು. ಊರಿಗೆಲ್ಲ ಟೀವಿ ಗಾಡಿಗಳು ಬಂದವು, ಚಹಾದಂಗಡಿಯವರು ನಾಲ್ಕು ಕಾಸು ಕಂಡರು. ಅರ್ಜಿ ದಿಲ್ಲಿಗೆ ಹೋಗಿ ಹತ್ತಿರಹತ್ತಿರ ಒಂಬತ್ತು ವರ್ಷವಾಗಿತ್ತು. ಇಷ್ಟು ವರ್ಷ ಉತ್ತರ ಕೊಡದೆ ಕಾಯಿಸಿದ್ದೇ ಅನ್ಯಾಯವೆಂದು ಸುಪ್ರೀಂ ಕೋರ್ಟು 2014ರ ಜನವರಿಯಲ್ಲಿ ಗಲ್ಲನ್ನು ಜೀವಾವಧಿಗೆ ಇಳಿಸಿತು. ನಮ್ಮ ವಾರ್ಡರರು ಅಷ್ಟರಲ್ಲಿ ತೀರಿಹೋಗಿದ್ದರು. ಇದ್ದಿದ್ದರೆ ತಡವಾದ ಟಪಾಲಿನಿಂದ ಜೀವ ಉಳಿದದ್ದನ್ನು ಅವರಿಂದಲೇ ಕೇಳಬೇಕಿತ್ತು.

ಈಗ ರಾಷ್ಟ್ರಪತಿಗೆ ಅರ್ಜಿ ಕಳಿಸಲು ಜಾಲತಾಣವಿದೆ, 2009ರಿಂದಲೇ. ಅರ್ಜಿ ಹಾಕಿದ ಕೂಡಲೇ ನಂಬರು ಬರುತ್ತದೆ, ಅಂದರೆ ನನಗೆ ದಸರೆಯವರೆಗೆ ಕಾದು ಸಿಕ್ಕ ಉತ್ತರ ಈಗಿನವರಿಗೆ ಒಂದು ಚಣದಲ್ಲಿ. ರಿಜಿಸ್ಟರ್ಡ್ ಟಪಾಲು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಕಾರ್ಡಿಗೆ ಈಗಲೂ ಐವತ್ತು ಪೈಸೆಯೇ, ಚಿಲ್ಲರೆ ಐವತ್ತು ಪೈಸೆ ಮಾತ್ರ ಯಾರ ಹತ್ತಿರವೂ ಇಲ್ಲ. ಬೆಳಗಾವಿ ಬಾಸಮತಿ ಬೆಳೆಯುವವರನ್ನು ಹುಡುಕಿಕೊಂಡು ಹೋಗಬೇಕು. ಕುಂದಾ ಗಟ್ಟಿ ಡಬ್ಬಿಯಲ್ಲಿ ಕೊರಿಯರ್ ಹತ್ತಿ ಅಮೆರಿಕದ ಮೊಮ್ಮಕ್ಕಳಿಗೂ ಮುಟ್ಟುತ್ತದೆ, ಇರುವೆಗಳ ಕಾಟವಿಲ್ಲ.

2024ರ ಆಗಸ್ಟಿನಲ್ಲಿ ಮೊಮ್ಮಗ ಮೊಬೈಲು ಹಿಡಿದು ಬಂದ. ರಾಷ್ಟ್ರಪತಿಗಳಿಗೆ ಬಂದ ಕಾಣಿಕೆಗಳನ್ನು ‘ಇ-ಉಪಹಾರ್’ ಎಂಬ ತಾಣದಲ್ಲಿ ಲಿಲಾವು ಹಾಕಿದ್ದಾರೆ, ಬಂದ ಹಣ ಮಕ್ಕಳ ನೆರವಿಗೆ ಹೋಗುತ್ತದೆ ಎಂದು ತೋರಿಸಿದ. ನಾನು ಚಾಳೀಸು ಏರಿಸಿ ಒಂದೊಂದೇ ಚಿತ್ರ ಸರಿಸಿ ನೋಡಿದೆ. ಗುಳೇದಗುಡ್ಡದ ಖಣ ಇತ್ತೇನೋ ಎಂಬ ಆಸೆ, ಇರಲಿಲ್ಲ. ಅಕ್ಕಿಯಂತೂ ಸಾಧ್ಯವಿಲ್ಲ. ಮೊಮ್ಮಗನಿಗೆ ಒಂದು ಮೂರ್ತಿ ಮನಸ್ಸಿಗೆ ಬಂತು, ತಾನು ಕೂಡಿಟ್ಟ ರೊಕ್ಕದಲ್ಲಿ ಕೂಗುತ್ತೇನೆ ಅಂದ. ಒಳಗಿನಿಂದ ಸೊಸೆಯ ಧ್ವನಿ ಬಂತು: “ಯಾರೋ ಪ್ರೀತೀಲೆ ಕೊಟ್ಟಿದ್ದನ್ನ ನಾವ್ಯಾಕ ರೊಕ್ಕಾ ಕೊಟ್ಟು ತರೂದು? ಧೂಳ ವರಸವ್ರು ಯಾರು?” ಹುಡುಗ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ. ಮರುವಾರ ಅದೇ ರೊಕ್ಕಕ್ಕೆ ಖಡೇಬಜಾರಿನಿಂದ ಕ್ರಿಕೆಟ್ ಬ್ಯಾಟು ತಂದ.